ಬಂದೀಖಾನೆಯ ಅಂಗಳದಲ್ಲಿ ಮಾತ್ರ

ಕಳೆದ ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬ ಹಲಸೂರಿನ ನಮ್ಮ ಮನೆಗೆ ಬಂದಿದ್ದ. ಪ್ರೌಢಶಾಲೆಯಲ್ಲಿ ನನ್ನಿಂದ ಇತಿಹಾಸ, ಪೌರನೀತಿ ಕಲಿತವನು. ಈಗ ಇಂದಿರಾನಗರದಲ್ಲಿ ಸ್ವಂತ ಕಟ್ಟಡ, ಕಾರು, ಎರಡು ಮಕ್ಕಳು. ವರ್ಷಕ್ಕೊಮ್ಮೆಯಾದರೂ ಹಣ್ಣು ಹಿಡಿದು ಬಂದು ಕಾಲಿಗೆರಗುವ ಹುಡುಗ. (ನಲವತ್ತೈದು ದಾಟಿದೆ, ನಮಗೆ ಅವರೆಲ್ಲ ಎಂದೆಂದಿಗೂ ಹುಡುಗರೇ.) ಬಂದವನೇ ಬೇಸರದಿಂದ ಹೇಳಿದ: "ಎಂ.ಜಿ. ರಸ್ತೆಯಲ್ಲಿ ಯಾರೋ ಹತ್ತಿಪ್ಪತ್ತು ಜನ ಫಲಕ ಹಿಡಿದುಕೊಂಡು ನಿಂತಿದ್ದರು ಸಾರ್. ಪೊಲೀಸರು ವ್ಯಾನಿಗೆ ಹತ್ತಿಸಿದರು. ಸರಿಯಾಗಿಯೇ ಮಾಡಿದರು. ಇಂಥವರಿಗೆಂದೇ ಫ್ರೀಡಂ ಪಾರ್ಕ್ ಕೊಟ್ಟಿಲ್ಲವೇ? ಕಾನೂನು ಅಂದರೆ ಕಾನೂನು. ನೀವೇ ಕಲಿಸಿದ್ದಲ್ಲವೇ?"

ಕಾಫಿ ಬಂತು, ಮಾತು ಬೇರೆ ಕಡೆಗೆ ಹೊರಳಿತು. ಆದರೆ ಆ ಕೊನೆಯ ವಾಕ್ಯ ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು. ನಾನು ಹಾಗೆ ಕಲಿಸಿದ್ದೆನೇ? ಕಲಿಸಿದ್ದರೆ ತಪ್ಪು ಕಲಿಸಿದ್ದೇನೆ. ಅದನ್ನು ಇಲ್ಲಿಯಾದರೂ ತಿದ್ದಬೇಕೆಂದು ಈ ಬರಹ.

ಮೊದಲು, ಅವನು ಹೇಳಿದ ಆ 'ಕಾನೂನು' ಏನೆಂದು ನೋಡೋಣ. ಅದು ಸಂಸತ್ತು ಮಾಡಿದ್ದಲ್ಲ, ವಿಧಾನಸಭೆಯಲ್ಲಿ ಚರ್ಚೆಯಾಗಿ ಅಂಗೀಕಾರವಾದದ್ದೂ ಅಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ನಗರ ಪೊಲೀಸ್ ಆಯುಕ್ತರು 2021ರಲ್ಲಿ ಹೊರಡಿಸಿದ ಆದೇಶ. ಅದರ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರುವ ಸ್ಥಳ ಫ್ರೀಡಂ ಪಾರ್ಕ್ ಒಂದೇ. ಅದಕ್ಕೂ ಪೊಲೀಸರ ಅನುಮತಿ ಬೇಕು. ಶಿವಾಜಿನಗರದ ಬೀದಿ ವ್ಯಾಪಾರಿಗೆ ಶಿವಾಜಿನಗರದಲ್ಲಿ ಅನ್ಯಾಯವಾದರೆ ಅವನು ಗಾಂಧಿನಗರದ ಕಡೆಗೆ ಹೋಗಿ ಕೂಗಬೇಕು. ಕೆ.ಆರ್. ಪುರದ ಕೆರೆ ಕೆಟ್ಟರೆ, ಆ ಕೆರೆಯನ್ನು ಕಾಣದವರ ಮುಂದೆ ನಿಂತು ಕೆರೆಯ ಗೋಳು ಹೇಳಿಕೊಳ್ಳಬೇಕು. ಗಾಯ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಆ ಸ್ಥಳದ ಇತಿಹಾಸವನ್ನಾದರೂ ನೆನೆಯಬೇಡವೇ? 2008ರಲ್ಲಿ ಉದ್ಯಾನವಾಗುವ ಮುನ್ನ ಅದು ಸೆಂಟ್ರಲ್ ಜೈಲು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಕೂಡಿಟ್ಟದ್ದು ಅಲ್ಲಿ. ನಮ್ಮ ಊರಿನ ಕಲಾವಿದೆ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆಗ ನನಗೆ ಹದಿನೇಳು ವರ್ಷ. ಮನೆಯಲ್ಲಿ ಹಿರಿಯರು ಆ ಹೆಸರನ್ನು ಪಿಸುಮಾತಿನಲ್ಲಿ ಆಡಿದ್ದು ನೆನಪಿದೆ. ಮಾತನಾಡಿದವರನ್ನು ಅಂದು ಯಾವ ಗೋಡೆಗಳ ಒಳಗೆ ಹಾಕಿದ್ದರೋ, ಮಾತನಾಡಬೇಕೆನ್ನುವವರನ್ನು ಇಂದು ಅದೇ ಗೋಡೆಗಳ ಒಳಗೆ ಕಳುಹಿಸುತ್ತಿದ್ದೇವೆ. ಹೆಸರು ಮಾತ್ರ ಸ್ವಾತಂತ್ರ್ಯದ್ದು.

ಇನ್ನು ಇಂಥ ಆದೇಶಗಳನ್ನು ಮುರಿದವರ ವಿಷಯ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ 144ನೆಯ ಸೆಕ್ಷನ್ ಜಾರಿಯಾಯಿತು. ಮರುದಿನ ಬೆಳಿಗ್ಗೆಯಿಂದ ಮೂರು ದಿನ ಎಲ್ಲಿಯೂ ಗುಂಪುಗೂಡುವಂತಿಲ್ಲ. (ಈಗ ಆ ಸಂಹಿತೆಯೇ ಬದಲಾಗಿದೆ, 2024ರ ಜುಲೈಯಿಂದ ಅದೇ ಅಧಿಕಾರ 163 ಎಂಬ ಹೊಸ ಸಂಖ್ಯೆಯಲ್ಲಿ ಕುಳಿತಿದೆ.) ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಓದುಗರ ಅಭಿಪ್ರಾಯ ಏನೇ ಇರಲಿ, ಅದು ಇಲ್ಲಿ ಪ್ರಸ್ತುತವಲ್ಲ. ಅದನ್ನು ವಿರೋಧಿಸಿ 19ರಂದು ಸಭೆ ನಡೆಸಲು ಮೊದಲು ಅನುಮತಿ ಕೊಟ್ಟು, ಆಮೇಲೆ ಒಂದೇ ಆದೇಶದಿಂದ ಕಿತ್ತುಕೊಂಡರು. ಆದರೂ ಜನ ಪುರಭವನದ ಮುಂದೆ ಬಂದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಅಂಬೇಡ್ಕರರ ಚಿತ್ರವಿದ್ದ ಫಲಕ ಹಿಡಿದು ಪತ್ರಕರ್ತರೊಡನೆ ಮಾತನಾಡುತ್ತಿದ್ದಾಗಲೇ ಪೊಲೀಸರು ಎಳೆದೊಯ್ದರು. ಅವರ ಕೈಯಲ್ಲಿ ಕಲ್ಲಿರಲಿಲ್ಲ. ಅವರು ಓಡಲೂ ಇಲ್ಲ, ಅವಿತುಕೊಳ್ಳಲೂ ಇಲ್ಲ.

ಮುಂದೇನಾಯಿತು? 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ ಓಕಾ ಅವರಿದ್ದ ಹೈಕೋರ್ಟಿನ ಪೀಠ ಆ 144ರ ಆದೇಶವೇ ಕಾನೂನುಬಾಹಿರವೆಂದು ತೀರ್ಪು ನೀಡಿತು. ಅಂದರೆ ಅಂದು ಕಾನೂನು ಮುರಿದವರು ಪುರಭವನದ ಮುಂದೆ ನಿಂತವರಲ್ಲ! ನನ್ನ ಶಿಷ್ಯನ 'ಕಾನೂನು ಅಂದರೆ ಕಾನೂನು' ಎಂಬ ಸೂತ್ರವನ್ನು ಇಲ್ಲಿ ಅನ್ವಯಿಸಿ ನೋಡಿ. ಎಲ್ಲರೂ ಮನೆಯಲ್ಲೇ ಉಳಿದಿದ್ದರೆ ಮೂರು ದಿನ ಮುಗಿದು ಆದೇಶ ತಾನಾಗಿಯೇ ಮರೆಯಾಗುತ್ತಿತ್ತು, ಮುಂದಿನ ಸಲ ಮತ್ತೆ ಹಾಗೆಯೇ ಬರುತ್ತಿತ್ತು. ಅದು ತಪ್ಪೆಂದು ಯಾರಿಗೆ ಗೊತ್ತಾಗುತ್ತಿತ್ತು?

ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಬಾರದೆಂದು ಮೈಸೂರು ಸರಕಾರ ನಿಷೇಧಿಸಿತು. ಅದೂ ಒಂದು ಸ್ಥಳೀಯ ಆದೇಶವೇ, ವೈಸ್‌ರಾಯ್ ಮಾಡಿದ ಕಾನೂನೇನಲ್ಲ. ಹಾರಿಸಿದರು, ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಭೆ ಸೇರಿದ ಜನರ ಮೇಲೆ ಗುಂಡು ಹಾರಿತು, ಪ್ರಾಣಗಳು ಹೋದವು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಮೇಲೆ ಸಂಸ್ಥಾನದ ಬಾವುಟದ ಜೊತೆಗೆ ಆ ಧ್ವಜವೂ ಹಾರಬಹುದೆಂದಾಯಿತು. (ನಮ್ಮ ಹಲಸೂರು ಆಗ ದಿವಾನರ ಕೈಕೆಳಗೆ ಇರಲೇ ಇಲ್ಲ, ಕಂಟೋನ್ಮೆಂಟ್ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು, ಮೈಸೂರಿಗೆ ಮರಳಿದ್ದು 1947ರಲ್ಲಿ. ಒಂದೇ ಊರಿನಲ್ಲಿ ಎರಡು ಕಾನೂನು ಎಂಬುದು ಅಂದಿನ ಬೆಂಗಳೂರಿಗೆ ದಿನನಿತ್ಯದ ಅನುಭವ.) ಪ್ರತಿ ವರ್ಷ ಮಕ್ಕಳಿಗೆ ಶಿವಪುರದ ಪಾಠ ಮಾಡಿದ್ದೇನೆ, ಅಂಕ ಕೊಟ್ಟಿದ್ದೇನೆ. ಆದರೆ ಅದು ಎಂದೋ ಮುಗಿದ ಕಥೆ ಎನ್ನುವಂತೆ ಹೇಳಿದೆನೇನೋ! ತಪ್ಪು ಆಗಿರುವುದು ಅಲ್ಲಿಯೇ.

ಅಮೆರಿಕದಲ್ಲಿ ಈ ವಿಷಯವನ್ನೇ ಕಸುಬು ಮಾಡಿಕೊಂಡ ಸಣ್ಣ ಊರಿನವರಿದ್ದಾರೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕೀನ್ ಎಂಬ ಪಟ್ಟಣದಲ್ಲಿ ಲಿಬರ್ಟೇರಿಯನ್ ಎಂದು ಕರೆದುಕೊಳ್ಳುವ ಒಂದು ಗುಂಪು, ಪಾರ್ಕಿಂಗ್ ದಂಡ ಹಾಕುವ ಸಿಬ್ಬಂದಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಾ, ಸಮಯ ಮೀರಿದ ಮೀಟರುಗಳಿಗೆ ತಮ್ಮ ಕಿಸೆಯಿಂದ ನಾಣ್ಯ ಹಾಕುತ್ತಿತ್ತು. ಕಾರಿನ ಮಾಲೀಕರು ಯಾರೋ, ಏನೋ! ರಾಬಿನ್ ಹುಡ್ ಎಂಬ ಹೆಸರೂ ಬಂತು. ಸಿಬ್ಬಂದಿಯನ್ನು ಕಾಡುತ್ತಾರೆಂದು ನಗರಾಡಳಿತ ದಾವೆ ಹೂಡಿತು. 2015ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಪರಿಹಾರದ ದಾವೆಯನ್ನು ಒಪ್ಪದೆ, ಅವರ ನಡತೆಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿದೆ ಎಂದಿತು. ತೆರಿಗೆಯೇ ಕಳ್ಳತನ ಎನ್ನುವ ಆ ಪಂಥದ ವಾದವನ್ನು ನಾನು ಒಪ್ಪಲಾರೆ. ತೆರಿಗೆಯ ಹಣದಲ್ಲೇ ಸಂಬಳ ತಿಂದು ಬಡವರ ಮಕ್ಕಳಿಗೆ ಪಾಠ ಹೇಳಿದವನು ನಾನು. ಅವರಿಗಿಂತ ಹಿರಿಯನಾದ ಥೋರೋ ಮಹಾಶಯ 1846ರಲ್ಲಿ ಕಾಂಕರ್ಡ್ ಎಂಬ ಇನ್ನೊಂದು ಸಣ್ಣ ಊರಿನಲ್ಲಿ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದು ಗುಲಾಮಗಿರಿಯನ್ನು ಒಪ್ಪಿದ ಸರಕಾರಕ್ಕೆ ಹಣ ಕೊಡಲಾರೆನೆಂದು. ಅದರ ತೂಕ ಬೇರೆ. ಆದರೂ ಕೀನ್ ಪಟ್ಟಣದವರಲ್ಲಿ ನಾನು ಮೆಚ್ಚುವ ಒಂದು ಗುಣವಿದೆ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ತಮ್ಮ ಕೈಯಿಂದ ಕಾಸು ಕಳೆದುಕೊಂಡು ಮಾಡಿದರು. ಲಾಭ ಅನ್ಯರಿಗೆ, ಖರ್ಚು ತಮಗೆ.

ಈಗ ನನ್ನ ಶಿಷ್ಯನ ಕಟ್ಟಡದ ವಿಷಯಕ್ಕೆ ಬರೋಣ. ನಕ್ಷೆ ಮಂಜೂರಾದದ್ದು ಮೂರು ಅಂತಸ್ತಿಗೆ, ವಾಸಕ್ಕೆಂದು. ಎದ್ದು ನಿಂತಿರುವುದು ಐದು. ನೆಲ ಅಂತಸ್ತಿನಲ್ಲಿ ಹೋಟೆಲು. ಇದನ್ನು ಅವನೇ ನಗುತ್ತಾ ಹೇಳಿದ್ದಾನೆ, 'ಅಕ್ರಮ–ಸಕ್ರಮ ಬರಲಿ ಸಾರ್, ದುಡ್ಡು ಕಟ್ಟಿಬಿಡುತ್ತೇನೆ' ಎಂದು. ಆ ಯೋಜನೆಗಾಗಿ ಸರಕಾರ 2007ರಲ್ಲೇ ಕಾಯ್ದೆ ತಿದ್ದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಗುಟ್ಟಾಗಿ, ಸ್ವಂತ ಲಾಭಕ್ಕಾಗಿ, ನೆರೆಯವನ ಬೆಳಕನ್ನೂ ಗಾಳಿಯನ್ನೂ ತಡೆದು ಕಾನೂನು ಮುರಿದವನಿಗೆ ಸರಕಾರವೇ ಕರೆದು 'ಸಕ್ರಮ' ಮಾಡಿಕೊಡಲು ಹೊರಡುತ್ತದೆ. ಬಹಿರಂಗವಾಗಿ, ಯಾವ ಲಾಭವೂ ಇಲ್ಲದೆ, 'ಇಗೋ ನಿಂತಿದ್ದೇನೆ' ಎಂದು ಅರ್ಧ ಗಂಟೆ ಫಲಕ ಹಿಡಿದವನಿಗೆ ಎಫ್‌ಐಆರ್. ಅಕ್ರಮ ಯಾವುದು, ಸಕ್ರಮ ಯಾವುದು?

ರಾಜಕಾರಣಿಗಳ ಮಾತು ಬೇಡವೆಂದರೂ ಬಿಡುವಂತಿಲ್ಲ. 144 ಹೇರಿದಾಗ ರಾಜ್ಯವಾಳುತ್ತಿದ್ದ ಮುಖ್ಯಮಂತ್ರಿಗಳು ತುರ್ತುಪರಿಸ್ಥಿತಿಯಲ್ಲಿ ಸ್ವತಃ ಜೈಲು ಕಂಡವರು. 2022ರಲ್ಲಿ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯನವರೂ ಅವರ ಸಂಗಾತಿಗಳೂ ಸಚಿವ ಈಶ್ವರಪ್ಪನವರ ರಾಜೀನಾಮೆ ಕೇಳುತ್ತಾ ಅಂದಿನ ಮುಖ್ಯಮಂತ್ರಿಗಳ ಮನೆಯತ್ತ ಮೆರವಣಿಗೆ ಹೊರಟು ರಸ್ತೆಯಲ್ಲಿ ಕುಳಿತರು. ಪ್ರಕರಣ ದಾಖಲಾಯಿತು. 2024ರ ಫೆಬ್ರವರಿಯಲ್ಲಿ ಹೈಕೋರ್ಟು ತಲಾ ಹತ್ತು ಸಾವಿರ ರೂಪಾಯಿ ದಂಡ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದರು. ಪ್ರತಿಭಟಿಸುವುದು ಮೂಲಭೂತ ಹಕ್ಕು ಎಂಬುದು ಅವರ ವಾದ. ಒಪ್ಪಿದೆ! ಆದರೆ 2023ರ ಮೇಯಲ್ಲಿ ಅಧಿಕಾರಕ್ಕೆ ಬಂದವರು ಆ ಹಕ್ಕನ್ನು ನಮಗೂ ಬಿಟ್ಟುಕೊಡಬಹುದಿತ್ತಲ್ಲ? ಅದೇ ವರ್ಷದ ಅಕ್ಟೋಬರಿನಲ್ಲಿ ಎಂ.ಜಿ. ರಸ್ತೆಯಲ್ಲಿ ಪ್ಯಾಲೆಸ್ತೀನಿನ ಜನರ ಪರವಾಗಿ ಮೌನವಾಗಿ ನಡೆದವರ ಮೇಲೆ ಪ್ರಕರಣ ಹೂಡಿದ್ದು ಇವರದೇ ಪೊಲೀಸರು. ಅತ್ತೆಯಾದ ಮೇಲೆ ಸೊಸೆಯಾಗಿದ್ದ ಕಾಲ ನೆನಪಿರುವುದಿಲ್ಲ.

'ಸಂಚಾರಕ್ಕೆ ಅಡ್ಡಿ, ಆಂಬುಲೆನ್ಸಿಗೆ ದಾರಿಯಿಲ್ಲ' ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶಾಹೀನ್ ಬಾಗ್ ಪ್ರಕರಣದಲ್ಲಿ, 2020ರಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು; ನಿಗದಿತ ಸ್ಥಳಗಳಲ್ಲಿ ಪ್ರತಿಭಟಿಸಿ ಎಂದೂ ಹೇಳಿತು. ಆದರೆ ಸ್ಥಳಗಳೆಂದರೆ ಬಹುವಚನ ತಾನೇ? ಇಷ್ಟು ದೊಡ್ಡ ನಗರಕ್ಕೆ ಒಂದೇ ಅಂಗಳ ಎಂದು ಅದು ಹೇಳಿದ ನೆನಪು ನನಗಿಲ್ಲ. ಅದಕ್ಕೂ ಹಿಂದೆ, 1972ರಲ್ಲಿ, ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ, ರಸ್ತೆಯಲ್ಲಿ ಸಭೆ ನಡೆಸಲು ಅನುಮತಿ ಕೊಡುವ–ಬಿಡುವ ಅಂಕೆಯಿಲ್ಲದ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಟ್ಟ ನಿಯಮವನ್ನೇ ಅದೇ ನ್ಯಾಯಾಲಯ ರದ್ದು ಮಾಡಿತ್ತು.

ಸಂಚಾರದ ಮಾತು ಬಂತಾಗಿ ಕೇಳುತ್ತೇನೆ. 2025ರ ಜೂನ್ 4ರಂದು ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸರಕಾರವೇ ಸನ್ಮಾನ ನಡೆಸಿತು. ಕ್ರೀಡಾಂಗಣದ ಬಾಗಿಲುಗಳಲ್ಲಿ ಹನ್ನೊಂದು ಜೀವಗಳು ಹೋದವು. ಸಾಕುವ ಕನಸು ಕಂಡ ತಾಯಿತಂದೆಯರ ಮಕ್ಕಳು. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಎಂ.ಜಿ. ರಸ್ತೆಯಲ್ಲಿ ಹದಿನೈದು ಜನ ಮೌನವಾಗಿ ನಿಂತರೆ ಮಾತ್ರ ನಗರಕ್ಕೆ ಅಪಾಯ!

ಗುಂಪು ಎಂದರೆ ಗಲಭೆ ಎಂದುಕೊಂಡವರು 2019ರ ಡಿಸೆಂಬರ್ 23ರಂದು ಕಂಟೋನ್ಮೆಂಟಿನ ಖುದ್ದೂಸ್ ಸಾಹೇಬ್ ಈದ್ಗಾ ಮೈದಾನಕ್ಕೆ ಬರಬೇಕಿತ್ತು. 144 ಮುಗಿದು, ಅನುಮತಿ ಸಿಕ್ಕ ಮೇಲೆ ನಡೆದ ಸಭೆ ಅದು. ನಾನು ಒಂದು ಬದಿಯಲ್ಲಿ ನಿಂತು ನೋಡಿದೆ. ಮಿಲ್ಲರ್ಸ್ ರಸ್ತೆಯವರೆಗೂ ತಲೆಗಳೇ ತಲೆಗಳು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ಯಾರೋ ಹುಡುಗ ನೀರು ಕೊಟ್ಟು, ಖಾಲಿಯಾದ ಶೀಶೆಯನ್ನು ಮರಳಿ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡ. ಸಭೆ ಶಾಂತವಾಗಿಯೇ ಮುಗಿಯಿತು. ಶಾಲೆಯ ವಾರ್ಷಿಕೋತ್ಸವದ ದಿನ ಮುನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಗಂಟಲು ಹರಿದುಕೊಂಡ ನನಗೆ ಅದು ಸಣ್ಣ ಸಂಗತಿಯೆನಿಸಲಿಲ್ಲ.

ಅನುಮತಿ ಇದ್ದ ಸಭೆಗೆ ಹೋದೆ ಎಂದು ಬರೆಯುವಾಗ ಕೈ ತಡೆಯುತ್ತದೆ. ಯಾಕೆಂದರೆ ಅದಕ್ಕೆ ನಾಲ್ಕು ದಿನ ಮೊದಲು, 19ರಂದು, ನಾನೂ ಪುರಭವನಕ್ಕೆಂದು ಮನೆಯಿಂದ ಹೊರಟಿದ್ದೆ. ನಿವೃತ್ತನಾಗಿ ಆರು ತಿಂಗಳಾಗಿತ್ತು. ಪಿಂಚಣಿಯ ಕಾಗದಗಳು ಇನ್ನೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಿದ್ದವು. ಹಲಸೂರು ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆ. ಹತ್ತಿದ ಕ್ಷಣದಿಂದ ಕಾಗದಗಳದೇ ಯೋಚನೆ. ಹೆಸರು ಬರೆದುಕೊಂಡರೆ? ಪತ್ರಿಕೆಯಲ್ಲಿ ಮುಖ ಕಂಡರೆ? ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದು, ಎದುರಿನ ರೈಲು ಹಿಡಿದು ಮನೆಗೆ ಬಂದೆ. ಹೆಂಡತಿ 'ಬೇಗ ಬಂದಿರಲ್ಲ' ಎಂದಳು. 'ತಲೆನೋವು' ಎಂದೆ. ಸಂಜೆ ಟಿ.ವಿ.ಯಲ್ಲಿ ಗುಹಾ ಅವರನ್ನು ವಾಹನಕ್ಕೆ ತಳ್ಳುವುದನ್ನು ನೋಡುತ್ತಾ ಕುಳಿತೆ. ಆಗ ಅವರಿಗೆ ಅರವತ್ತೊಂದು, ನನಗೆ ಅರವತ್ತು.

'ನೀವೇ ಕಲಿಸಿದ್ದಲ್ಲವೇ' ಎಂದು ಶಿಷ್ಯ ಕೇಳಿದಾಗ ನಾನು ಸುಮ್ಮನಾದದ್ದು ಈ ಕಾರಣಕ್ಕೆ. ಅವನ ಐದು ಅಂತಸ್ತಿನ ಮಾತನ್ನು ಅಂದೇ ಎತ್ತಬಹುದಿತ್ತು. ಹಾಗೆ ಎತ್ತಿದ್ದರೆ ನನ್ನ ಮೆಟ್ರೋ ಪ್ರಯಾಣವನ್ನೂ ಹೇಳಬೇಕಾಗುತ್ತಿತ್ತು. ಎರಡನ್ನೂ ಇಲ್ಲಿ ಬರೆದಿದ್ದೇನೆ. ಅವನು ಈ ಪುಟವನ್ನು ತಪ್ಪದೆ ಓದುತ್ತಾನೆ. ಮುಂದಿನ ಸಲ ಬರುವಾಗ ಹಣ್ಣು ತರುತ್ತಾನೋ ಇಲ್ಲವೋ ನೋಡಬೇಕು.