ನಾಯಿಯ ಕರಕ್ಕೊಂಡು ಕಡಲ ಕರೆಗೆ ಹೋಪ ಮದಲು

ನಮ್ಮ ಪೈಕಿ ಸುಮಾರು ಮನೆಯ ಮಕ್ಕೊ ಈಗ ಮೆಲ್ಬೋರ್ನಿಲ್ಲಿ ಇದ್ದವು. ಬಾಳಂತನಕ್ಕೋ, ಪುಳ್ಳಿಯ ನೋಡ್ಲೋ ಹೇಳಿ ನಾವುದೆ ಹೋಗಿ ಬತ್ತು. ಹೋದವು ಹೆಚ್ಚಿನವುದೆ ಫಿಲಿಪ್ ದ್ವೀಪ ನೋಡದ್ದೆ ಬತ್ತವಿಲ್ಲೆ. ಮೆಲ್ಬೋರ್ನಿಂದ ಸುಮಾರು 140 ಕಿಲೋಮೀಟರು. ದ್ವೀಪ ಹೇಳಿರೂ ದೋಣಿ ಬೇಡ, ಸಂಕ ಇದ್ದು, ಕಾರಿಲ್ಲೇ ಹೋಪಲಾವುತ್ತು.

ಬಂದ ಮತ್ತೆ ಒಂದೇ ದೂರು: "ಅಲ್ಲಿ ಎಂತ ಮಾಡ್ಲೂ ಬಿಡ್ತವಿಲ್ಲೆ ಮಾರಾಯ್ತಿ! ನಾಯಿಯ ಈ ಕರೆಗೆ ತಪ್ಪಲಾಗ, ಆ ಕರೆಲಿ ಬಳ್ಳಿ ಬಿಚ್ಚುಲಾಗ, ಪೆಂಗ್ವಿನ್ನಿನ ಪಟ ತೆಗವಲಾಗ." ನಾಯಿ ಸಾಂಕುವ ಮಕ್ಕೊಗಂತೂ ಕೋಪವೇ ಬತ್ತು. ಎನ್ನ ಅಭಿಪ್ರಾಯ ಬೇರೆ. ಆ ಬೋರ್ಡುಗಳ ನಾಯಿಯ ಮೇಲಿನ ಕೋಪಂದ ಹಾಕಿದ್ದಲ್ಲ. ಬೇರೆ ಜಾಗೆ ಇಲ್ಲದ್ದ ಜೀವಂಗೊಕ್ಕೆ ಜಾಗೆ ಒಳಿಶಲೆ ಹಾಕಿದ್ದು.

ಅಲ್ಲಿಯ ಪೆಂಗ್ವಿನ್ ಹೇಳಿರೆ ಒಂದು ಅಡಿ ಎತ್ತರ, ಸುಮಾರು ಒಂದು ಕಿಲೋ ತೂಕ, ಅಷ್ಟೆ. ಬೆಣಚ್ಚು ಅಪ್ಪ ಮದಲೇ ಕಡಲಿಂಗೆ ಇಳುದು ಮೀನು ಹಿಡುದು, ಕಸ್ತಲೆ ಅಪ್ಪಗ ಗುಂಪುಗುಂಪಾಗಿ ಹತ್ತಿ ಬಂದು ಮಣ್ಣಿನ ಮಾಟೆಗೆ ಹೊಗುತ್ತು. ನಾಯಿ ಆಟಕ್ಕೆ ಹೇಳಿ ಬಾಯಿ ಹಾಕಿರೂ ಅದರ ಕತೆ ಮುಗುತ್ತು. ಪಟ ಬೇಡ ಹೇಳುದೂ ಫ್ಲಾಶಿನ ಬೆಣಚ್ಚಿಂಗೆ ಅದಕ್ಕೆ ಗಾಬರಿ ಆವುತ್ತು ಹೇಳಿಯೇ.

ಪೆಂಗ್ವಿನ್ ಹತ್ತುವ ಸಮ್ಮರ್‌ಲ್ಯಾಂಡ್ ಕರೆಯ ಹತ್ತರೆ ಮದಲು ಮನೆಗೊ ಇತ್ತು. ರಸ್ತೆ, ಕಾರು, ನಾಯಿ ಎಲ್ಲವುದೆ. 1985ರಲ್ಲಿ ಅಲ್ಲಿಯ ಸರಕಾರ ಆ ಮನೆ, ಜಾಗೆಗಳ ಕ್ರಯ ಕೊಟ್ಟು ತೆಕ್ಕೊಂಬದು ಹೇಳಿ ತೀರ್ಮಾನ ಮಾಡಿತ್ತು. ಅದು ಮುಗುದ್ದು 2010ರಲ್ಲಿ. 25 ವರ್ಷ! ಜೆನಂಗಳೇ ಮನೆ ಬಿಟ್ಟುಕೊಟ್ಟ ಜಾಗೆಗೆ ನಮ್ಮ ನಾಯಿ ಒಂದು ದಿನ ಹೋಗದ್ರೆ ಎಂತ ನಷ್ಟ?

ಹೂಡೆಡ್ ಪ್ಲೋವರ್ ಹೇಳ್ತ ಸಣ್ಣ ಹಕ್ಕಿಯೂ ಇದ್ದಲ್ಲಿ. ನಮ್ಮ ಟಿಟ್ಟಿಭದ ಪೈಕಿಯೇ. ಅದು ಗೂಡು ಕಟ್ಟುತ್ತಿಲ್ಲೆ, ಹೊಯಿಗೆಲಿ ರಜ ಗುಂಡಿ ಮಾಡಿ ಮೊಟ್ಟೆ ಮಡುಗುತ್ತು. ಅದುದೆ ಅಲ್ಲಿಯ ಬೇಸಗೆ ರಜೆಲಿ, ಕರೆ ಇಡೀ ಜೆನ ತುಂಬಿಪ್ಪಗ! ನಾಯಿ ಕಚ್ಚೆಕ್ಕು ಹೇಳಿಯೇ ಇಲ್ಲೆ. ಹತ್ತರೆ ಬಂದರೆ ಹಕ್ಕಿ ಎದ್ದು ಓಡ್ತು, ಬೆಶಿಲಿಂಗೆ ಮೊಟ್ಟೆ ಹಾಳಾವುತ್ತು. ಬಾಳಂತಿ ಇಪ್ಪ ಕೋಣೆಗೆ ನಾವು ಎಲ್ಲೋರನ್ನೂ ಬಿಡ್ತೋ? ಇದುದೆ ಹಾಂಗೇ.

ನಾಯಿದೇ ತಪ್ಪು ಹೇಳಿ ಆನು ಹೇಳುದಲ್ಲ. ಅದೇ ವಿಕ್ಟೋರಿಯಾ ರಾಜ್ಯದ ವಾರ್ನಂಬೂಲ್ ಊರಿಲ್ಲಿ ಮಿಡ್ಲ್ ಐಲೆಂಡ್ ಹೇಳ್ತ ಪುಟ್ಟ ದ್ವೀಪ ಇದ್ದು. ನೀರು ಇಳುದಿಪ್ಪಗ ನರಿಗೊ ದಾಂಟಿ ಬಂದು, 2005ಕ್ಕಪ್ಪಗ ಅಲ್ಲಿ ಹತ್ತು ಪೆಂಗ್ವಿನ್ನುದೆ ಒಳುದ್ದಿಲ್ಲೆ. ಕೋಳಿ ಸಾಂಕುವ ಕೃಷಿಕ ಒಬ್ಬ ಕೊಟ್ಟ ಸಲಹೆಯ ಹಾಂಗೆ 2006ರಲ್ಲಿ ಮರೆಮ್ಮಾ ಜಾತಿಯ ಕಾವಲುನಾಯಿಗಳ ಅಲ್ಲಿ ಬಿಟ್ಟವು. ಪೆಂಗ್ವಿನ್ ಪುನಾ ಹೆಚ್ಚಾತು. 'ಆಡ್‌ಬಾಲ್' ಹೇಳ್ತ ಸಿನೆಮವೂ ಬಯಿಂದು, ಪುಳ್ಳಿಯಕ್ಕಳ ಒಟ್ಟಿಂಗೆ ನೋಡ್ಲಕ್ಕು. ನಾಯಿಗೆ ನಾವು ಎಂತ ಕಲಿಶುತ್ತು ಹೇಳುದರ ಮೇಲೆ ಇದ್ದು ಎಲ್ಲ.

ಹಾಂಗಾಗಿ ಹೋಪವು ಬೋರ್ಡು ಓದಿ. ಒಂದೇ ದ್ವೀಪಲ್ಲಿ ಒಂದು ಕರೆಲಿ ನಾಯಿಯ ಓಡುಲೆ ಬಿಡ್ಲಕ್ಕು, ಇನ್ನೊಂದರಲ್ಲಿ ಬಳ್ಳಿ ಬೇಕು, ಮತ್ತೊಂದಕ್ಕೆ ತಪ್ಪಲೇ ಆಗ. ಹೇಲು ಹೆರ್ಕುಲೆ ಚೀಲ ಮಡಿಕ್ಕೊಳ್ಳಿ. ಪೆಂಗ್ವಿನ್ ನೋಡ್ಲೆ ಹೋಪ ದಿನ ನಾಯಿಯ ಮನೆಲೇ ಯಾರಾದರೂ ನೋಡಿಗೊಳ್ಳಲಿ. ಕಾರಿನೊಳ ಕೂಡಿ ಹಾಕುದು ಬೇಡ. ವಾಪಾಸು ಹೆರಡುವಗ ಕಾರಿನ ಅಡಿಯ ಒಂದರಿ ಬಗ್ಗಿ ನೋಡಿ, ಪೆಂಗ್ವಿನ್ ಕೂದಿಕ್ಕು!

ನಮ್ಮ ಹೊನ್ನಾವರದ ಹೊಡೆಲಿಯೂ ಆಲಿವ್ ರಿಡ್ಲಿ ಆಮೆಗೊ ಹೊಯಿಗೆಲಿ ಮೊಟ್ಟೆ ಮಡುಗಲೆ ಬತ್ತು. ನಾಯಿಗೊ ಗರ್ಪದ್ದ ಹಾಂಗೆ ಅರಣ್ಯ ಇಲಾಖೆಯವು ಬೇಲಿ ಹಾಕಿ ಕಾಯ್ತವು. ಅಲ್ಲಿ ಬೋರ್ಡಿಂಗೆ ಮರ್ಯಾದೆ ಕೊಡುವ ನಾವು ಇಲ್ಲಿ ಈ ಬೇಲಿಗುದೆ ಕೊಡೆಕ್ಕು. ಎಂತ ಹೇಳ್ತಿ ನಿಂಗೊ?