ದೇಶಕ್ಕೆ ಆಡೋದು ಪುಕ್ಕಟೆ ಸೇವೆ ಅಲ್ಲ ಸ್ವಾಮಿ!

“ರೊಕ್ಕ ಕೊಟ್ರ ಕಾಲು ಮುರಿದ್ರೂ ಆಡ್ತಾರ, ದೇಶಕ್ಕ ಆಡ್ರಪ್ಪಾ ಅಂದ್ರ ಬೆನ್ನು ನೋವು ಅಂತಾರ!”

ಐಪಿಎಲ್ ಮುಗಿದ ಮೇಲೆ ಭಾರತ ಎಲ್ಲಾದರೂ ಸೋತರೆ ಸಾಕು, ನಮ್ಮ ವಿಜಯಪುರದ ಗಾಂಧಿ ಚೌಕದ ಚಾ ಅಂಗಡಿಯಿಂದ ಹಿಡಿದು ಟೀವಿ ಸ್ಟುಡಿಯೋ ತನಕ ಇದೇ ಮಾತು. ಹೇಳೋಕೆ ಚೆನ್ನಾಗಿದೆ, ಚಪ್ಪಾಳೆನೂ ಬೀಳುತ್ತೆ. ಆದರೆ ನನಗೆ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಕ್ಲಬ್ಬೋ ದೇಶವೋ ಅನ್ನೋ ಜಗಳವನ್ನ ನಾವು ಯಾವಾಗಲೂ ಆಟಗಾರನ ಆಸೆಗೂ ಅವನ ದೇಶಭಕ್ತಿಗೂ ನಡುವಿನ ಜಗಳ ಅಂದುಕೊಂಡಿದ್ದೀವಿ. ಅದು ಶುದ್ಧ ತಪ್ಪು. ಅದು ಇಬ್ಬರು ಯಜಮಾನರ ನಡುವಿನ ಜಗಳ. ಇಬ್ಬರಿಗೂ ಬೇಕಾಗಿರೋದು ಒಂದೇ ಶರೀರ. ಆ ಶರೀರ ಕೆಟ್ಟಾಗ ಖರ್ಚು ಯಾರದು ಅನ್ನೋ ಪ್ರಶ್ನೆ ಬಂದರೆ ಇಬ್ಬರೂ ಆಕಾಶ ನೋಡ್ತಾರೆ. ಬೈಗುಳ ಮಾತ್ರ ಆಟಗಾರನ ಪಾಲಿಗೆ!

ಮೊದಲು ನಮ್ಮೂರಿನದೇ ಉದಾಹರಣೆ ತಗೊಳ್ಳಿ. ರಾಜೇಶ್ವರಿ ಗಾಯಕವಾಡ. ವಿಜಯಪುರದ ಹುಡುಗಿ, ಎಡಗೈ ಸ್ಪಿನ್ನರ್. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವಕಪ್ ಪಂದ್ಯ. ಸೋತರೆ ಮನೆಗೆ, ಗೆದ್ದರೆ ಸೆಮಿಫೈನಲ್. ಆ ಟೂರ್ನಿಯಲ್ಲಿ ಆಕೆಗೆ ಅದೇ ಮೊದಲ ಪಂದ್ಯ. 15 ರನ್ನಿಗೆ 5 ವಿಕೆಟ್ ಕಿತ್ತಳು! ನ್ಯೂಜಿಲೆಂಡ್ 79ಕ್ಕೆ ಆಲೌಟ್. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಅದೇ ಪಂದ್ಯದಲ್ಲಿ 45 ಎಸೆತಕ್ಕೆ 70 ಹೊಡೆದಿದ್ದರು. ಭಾರತ ಫೈನಲ್ ತನಕ ಹೋಗಿ, ಲಾರ್ಡ್ಸ್‌ನಲ್ಲಿ 9 ರನ್ನಿಂದ ಸೋತು ಬಂತು. ಸೋತರೂ ದೇಶವೆಲ್ಲ ಮೆರವಣಿಗೆ, ಸನ್ಮಾನ.

ಆಗ ಜಲಸಂಪನ್ಮೂಲ ಸಚಿವರಾಗಿದ್ದ, ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ರಾಜೇಶ್ವರಿಗೆ ಒಂದು ಕಾರು ಕೊಡ್ತೀನಿ ಅಂದರು. ಒಳ್ಳೆ ಮನಸ್ಸಿಂದಲೇ ಅಂದಿರಬೇಕು. ಆಕೆ ಏನಂದಳು ಗೊತ್ತಾ? ಕಾರು ಬೇಡ, ನಮ್ಮ ಮನೆಯವರಿಗೆ ಒಂದು ಮನೆ ಬೇಕು ಅಂದಳು. ವಿಶ್ವಕಪ್ ಫೈನಲ್ ಆಡಿ ಬಂದ ಹುಡುಗಿ!

ಈ ಸುದ್ದಿ ಓದಿ ಬಹಳ ಮಂದಿ “ಎಷ್ಟು ಸರಳ ಹುಡುಗಿ ನೋಡ್ರಿ” ಅಂತ ಮೆಚ್ಚಿಕೊಂಡರು. ನನಗೆ ಅದರಲ್ಲಿ ಮೆಚ್ಚೋದಕ್ಕಿಂತ ನಾಚಿಕೆಪಡೋದೇ ಹೆಚ್ಚು ಕಾಣಿಸ್ತು. ದೇಶದ ಪರವಾಗಿ ಮೂರೂವರೆ ವರ್ಷ ಆಡಿದ ಮೇಲೂ ಸ್ವಂತ ಸೂರಿನ ಚಿಂತೆ ತೀರಿರಲಿಲ್ಲ ಅನ್ನೋದು ಅದರ ಅರ್ಥ, ಅಲ್ವಾ?

ಹಾಗಾದರೆ ಅಲ್ಲಿ ತನಕ ಇವರನ್ನೆಲ್ಲ ಸಾಕಿದ್ದು ಯಾರು? ರೈಲ್ವೆ. ಆ 15 ಜನರ ತಂಡದಲ್ಲಿ 10 ಜನ ರೈಲ್ವೆ ನೌಕರರು, ರಾಜೇಶ್ವರಿಯೂ ಸೇರಿ. ಟೀವಿಯಲ್ಲಿ ನಾವು ನೋಡಿದ್ದು ನೀಲಿ ಅಂಗಿ. ಅದರ ಹಿಂದೆ ತಿಂಗಳ ಕೊನೆಗೆ ಬರ್ತಿದ್ದುದು ರೈಲ್ವೆ ಪಗಾರ. ಭಾರತದಲ್ಲಿ ಕ್ರೀಡಾಪಟುವಿನ ಕ್ಲಬ್ಬು ಅಂದರೆ ಬಹಳ ವರ್ಷ ಇದೇ ಆಗಿತ್ತು. ರೈಲ್ವೆ, ಬ್ಯಾಂಕು, ಪೊಲೀಸ್, ಮಿಲಿಟರಿ. ಬ್ಯಾಸ್ಕೆಟ್‌ಬಾಲಿನಲ್ಲಿ ಈಗಲೂ ಹೆಚ್ಚು ಕಡಿಮೆ ಹಾಗೇ. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ಭಾರತ ‘ಬಿ’ ಡಿವಿಷನ್ ಗೆದ್ದಿತ್ತು, ನೆನಪಿರಬಹುದು. ನಾಯಕಿ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. ಅದೇ ತಂಡದ ಜೀನಾ ಕೇರಳದ ವಿದ್ಯುತ್ ಮಂಡಳಿಯವರು. ದೇಶ ಕರೆಸಿಕೊಳ್ಳುತ್ತೆ, ಸಾಕೋರು ಬೇರೆ ಯಾರೋ.

ಇನ್ನು ಲೀಗಿನ ವಿಷಯ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಯುಪಿ ವಾರಿಯರ್ಸ್ ತಂಡ ರಾಜೇಶ್ವರಿಯನ್ನ 40 ಲಕ್ಷಕ್ಕೆ ತಗೊಂಡಿತು. ಸುಮಾರು ಮೂರು ವಾರದ ಲೀಗು. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಸಿಸಿಐ ಪ್ರಕಟಿಸಿದ ಗುತ್ತಿಗೆಯಲ್ಲಿ ಆಕೆಗೆ ‘ಬಿ’ ಗ್ರೇಡು, ವರ್ಷಕ್ಕೆ 30 ಲಕ್ಷ, ಪಂದ್ಯದ ಶುಲ್ಕ ಬೇರೆ. ಆ ಪಂದ್ಯದ ಶುಲ್ಕ ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಅಂತ ಆಗಿದ್ದು 2022ರ ಅಕ್ಟೋಬರಿನಲ್ಲಿ. ಅಲ್ಲಿ ತನಕ ಒಂದು ದಿನದ ಪಂದ್ಯಕ್ಕೆ ಗಂಡಸರಿಗೆ 6 ಲಕ್ಷ, ಇವರಿಗೆ 1 ಲಕ್ಷ! ಈ ಲೆಕ್ಕ ಮುಂದಿಟ್ಟುಕೊಂಡು, ಲೀಗಿಗೆ ಮೊದಲ ಮರ್ಯಾದೆ ಕೊಡೋ ಹುಡುಗಿಗೆ ದೇಶಭಕ್ತಿ ಇಲ್ಲ ಅಂತ ಹೇಳೋ ಧೈರ್ಯ ನಿಮಗಿದೆಯಾ? ನನಗಂತೂ ಇಲ್ಲ.

ನಮ್ಮ ತಿಕೋಟಾ, ಬಬಲೇಶ್ವರ ಕಡೆ ಹೊಲ ಮಾಡೋ ಯಾರನ್ನಾದರೂ ಕೇಳಿ. ಬಿತ್ತಿಗೆ ಕಾಲಕ್ಕೆ ಪಕ್ಕದವನ ಎತ್ತು ಇಸ್ಕೊಂಡು ಹೋದಿರಿ. ನಿಮ್ಮ ಹೊಲದಲ್ಲಿ ಅದರ ಕಾಲು ಮುರೀತು. ಆಮೇಲೆ “ಎತ್ತು ನಿಂದು, ನೀನೇ ನೋಡ್ಕೋ, ನನ್ನ ಬಿತ್ತಿಗೆ ಮುಗೀತು” ಅಂತ ಹೇಳೋಕಾಗುತ್ತಾ? ಇಸ್ಕೊಂಡೋನು ಜವಾಬ್ದಾರಿ ಹೊರಬೇಕು ಅನ್ನೋದಕ್ಕೆ ಕಾನೂನು ಪುಸ್ತಕ ಬೇಕಾಗಿಲ್ಲ. ಹೊಲದಲ್ಲಿ ಎಲ್ಲರಿಗೂ ಗೊತ್ತಿರೋ ಈ ನ್ಯಾಯ ಕ್ರೀಡಾ ಸಂಸ್ಥೆಗಳಿಗೆ ಮಾತ್ರ ಯಾಕೆ ಗೊತ್ತಾಗಲ್ಲ?

ಈ ಕಥೆ ನಿಚ್ಚಳವಾಗಿ ಕಾಣೋದು ಹೊರದೇಶದ ಬ್ಯಾಸ್ಕೆಟ್‌ಬಾಲಿನಲ್ಲಿ. 2006ರಲ್ಲಿ ಸ್ಪೇನಿನ ಪಾವ್ ಗಸೋಲ್ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಪಾದದ ಮೂಳೆ ಮುರ್ಕೊಂಡರು. ಸ್ಪೇನ್ ಚಿನ್ನ ಗೆದ್ದಿತು, ಅವರಿಗೆ ಸಂಬಳ ಕೊಡ್ತಿದ್ದ ಅಮೆರಿಕದ ಮೆಂಫಿಸ್ ತಂಡ ಮುಂದಿನ ಸೀಸನ್ನಿನಲ್ಲಿ 82ರಲ್ಲಿ 60 ಪಂದ್ಯ ಸೋತಿತು. 2014ರ ಆಗಸ್ಟ್ 1ರಂದು ಪಾಲ್ ಜಾರ್ಜ್ ಅಮೆರಿಕ ತಂಡದ ಅಭ್ಯಾಸ ಪಂದ್ಯದಲ್ಲಿ ಕಾಲು ಮುರ್ಕೊಂಡರು. ಅಭ್ಯಾಸ ಪಂದ್ಯ, ನೆನಪಿರಲಿ! ಇಂಡಿಯಾನಾ ತಂಡಕ್ಕೆ ಆ ಸೀಸನ್ನಿನಲ್ಲಿ ಅವರು ಸಿಕ್ಕಿದ್ದು ಕೊನೆಯ 6 ಪಂದ್ಯಕ್ಕೆ. ಅದೇ ವರ್ಷ ಅರ್ಜೆಂಟೀನಾದ ಮಾನು ಜಿನೋಬಿಲಿಗೆ ವಿಶ್ವಕಪ್ ಆಡುವ ಆಸೆ ಇತ್ತು, ಕಾಲಿನ ಮೂಳೆಯಲ್ಲಿ ಬಿರುಕು ಇದೆ ಅಂತ ಸ್ಪರ್ಸ್ ತಂಡ ಬಿಡಲಿಲ್ಲ. ಈಗ ಹೇಳಿ, ಇದರಲ್ಲಿ ದೇಶದ್ರೋಹಿ ಯಾರು? ಗಸೋಲಾ? ಜಿನೋಬಿಲಿಯಾ? ತನ್ನ ಆಟಗಾರನ ಕಾಲು ಉಳಿಸಿಕೊಳ್ಳೋಕೆ ನೋಡಿದ ಕ್ಲಬ್ಬಾ?

2017ರ ನವೆಂಬರಿನಿಂದ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಇನ್ನೊಂದು ಕೆಲಸ ಮಾಡಿತು. ವಿಶ್ವಕಪ್ ಅರ್ಹತಾ ಪಂದ್ಯಗಳನ್ನ ಕ್ಲಬ್ ಸೀಸನ್ನಿನ ನಡುವೆ ತಂದಿಟ್ಟಿತು. ಎನ್‌ಬಿಎ ನಿಲ್ಲಲಿಲ್ಲ, ಯೂರೋಲೀಗೂ ನಿಲ್ಲಲಿಲ್ಲ. ದೊಡ್ಡ ಆಟಗಾರರು ಕ್ಲಬ್ಬಿನಲ್ಲೇ ಉಳಿದರು, ಎಷ್ಟೋ ದೇಶಗಳು ಎರಡನೇ ಸಾಲಿನ ತಂಡ ಇಳಿಸಿದವು. ಎರಡು ಸಂಸ್ಥೆಗಳು ಕೂತು ಒಂದು ಕ್ಯಾಲೆಂಡರ್ ಮಾಡ್ಕೊಳ್ಳೋಕಾಗದೆ ಆಟಗಾರನನ್ನ ಅಡಕತ್ತರಿಗೆ ಸಿಗಿಸಿದ್ದು ಇದು.

ದೂರದ ಮಾತು ಅಂತೀರಾ? ಬೆಂಗಳೂರಿಗೆ ಬನ್ನಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ತಾರೀಕು ಒಂದು ವರ್ಷ ಮುಂಚೆಯೇ ಗೊತ್ತಿತ್ತು. ಆದರೂ ಐಎಸ್ಎಲ್ ಫುಟ್‌ಬಾಲ್ ಶುರುವಾಗಿದ್ದು ಸೆಪ್ಟೆಂಬರ್ 21ಕ್ಕೆ, ಸರಿಯಾಗಿ ಗೇಮ್ಸ್ ಹೊತ್ತಿಗೆ! ಫುಟ್‌ಬಾಲ್ ತಂಡ ಹೋಗಬಹುದು ಅಂತ ಕ್ರೀಡಾ ಸಚಿವಾಲಯ ಒಪ್ಪಿದ್ದೇ ಜುಲೈ ಕೊನೆಗೆ. ಏಷ್ಯನ್ ಗೇಮ್ಸ್ ಫಿಫಾದ ಕಡ್ಡಾಯ ಪಟ್ಟಿಯಲ್ಲಿಲ್ಲ, ಹಾಗಾಗಿ ಕ್ಲಬ್ಬುಗಳು ಪ್ರಮುಖ ಆಟಗಾರರನ್ನ ಬಿಡಲಿಲ್ಲ. ಬೆಂಗಳೂರು ಎಫ್‌ಸಿ ಸುನಿಲ್ ಛೆಟ್ರಿಯನ್ನ ಬಿಟ್ಟುಕೊಟ್ಟಿತು. ತಂಡ ಹಿಂದಿನ ದಿನ ಅಲ್ಲಿಗೆ ಇಳಿದು ಮರುದಿನ ಚೀನಾ ಎದುರು ಆಡಿ 5-1ರಿಂದ ಸೋತಿತು. ಎರಡು ದಿನ ಬಿಟ್ಟು, ಸೆಪ್ಟೆಂಬರ್ 21ರಂದು 39 ವರ್ಷದ ಛೆಟ್ರಿ ಪೆನಾಲ್ಟಿ ಹೊಡೆದು ಬಾಂಗ್ಲಾದೇಶದ ವಿರುದ್ಧ ಗೆಲ್ಲಿಸಿದರು. ಅದೇ ದಿನ ಅವರಿಲ್ಲದ ಬೆಂಗಳೂರು ಎಫ್‌ಸಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ 2-1ರಿಂದ ಸೋತಿತು. ಒಬ್ಬ ಮನುಷ್ಯ ಎರಡು ಊರಲ್ಲಿ ಇರೋಕಾಗಲ್ಲ ಅನ್ನೋದು ಈ ತಾರೀಕು ಹಾಕಿದ ದೊಡ್ಡವರಿಗೆ ಗೊತ್ತಿರಲಿಲ್ವಾ?

“ಅದೆಲ್ಲ ಸರಿ, ಲೀಗಿನಿಂದ ದೇಶಕ್ಕೂ ನಷ್ಟ ಆಗುತ್ತಲ್ಲ?” ಅಂತ ನೀವು ಕೇಳಬಹುದು. ಆಗುತ್ತೆ, ಒಪ್ತೀನಿ. ನಮ್ಮ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಕ್ನೋದಲ್ಲಿ ಆರ್‌ಸಿಬಿ ವಿರುದ್ಧ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟು ಮಾಡ್ಕೊಂಡು, ಶಸ್ತ್ರಚಿಕಿತ್ಸೆಯಾಗಿ, ಜೂನಿನ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ತಪ್ಪಿಸಿಕೊಂಡರು. ಆ ಫೈನಲ್ ಶುರುವಾಗಿದ್ದು ಐಪಿಎಲ್ ಮುಗಿದ ಒಂದೇ ವಾರಕ್ಕೆ. ನಾವು ಆಸ್ಟ್ರೇಲಿಯಾಕ್ಕೆ 209 ರನ್ನಿಂದ ಸೋತೆವು. 2011ರಲ್ಲೂ ಇದೇ ಕಥೆ. ಏಪ್ರಿಲ್ 2ಕ್ಕೆ ವಿಶ್ವಕಪ್ ಗೆದ್ದರು, 8ಕ್ಕೆ ಐಪಿಎಲ್ ಶುರು. ಸೆಹವಾಗ್, ಗಂಭೀರ್ ಭುಜ ಕೆಡಿಸಿಕೊಂಡರು, ಇಂಗ್ಲೆಂಡಿನಲ್ಲಿ 4-0 ಮಂಗಳಾರತಿ. ಮೂರು ಶತಕ ಹೊಡೆದ ನಮ್ಮ ದ್ರಾವಿಡ್ ಒಬ್ಬರೇ ನಿಂತಿದ್ದರು.

ಆದರೆ ಇಲ್ಲಿ ಒಂದು ತಮಾಷೆ ಗಮನಿಸಿ. ಐಪಿಎಲ್ ಯಾರದು? ಬಿಸಿಸಿಐದು. ಭಾರತ ತಂಡ ಯಾರದು? ಅದೂ ಬಿಸಿಸಿಐದು! ಏಪ್ರಿಲ್ 8 ಅಂತ ತಾರೀಕು ಹಾಕಿದ್ದು ಸೆಹವಾಗ್ ಅಲ್ಲ. ನಿವೃತ್ತಿ ಆಗೋತನಕ ಭಾರತದ ಗಂಡಸರು ಹೊರದೇಶದ ಲೀಗುಗಳಲ್ಲಿ ಆಡೋ ಹಾಗೂ ಇಲ್ಲ. 2019ರಲ್ಲಿ ಶುರುವಾದ ಆಟಗಾರರ ಸಂಘ ಇದೆ, ಅದು ಮಾಜಿಗಳಿಗೆ ಮಾತ್ರ. ಈಗ ಆಡ್ತಿರೋರ ಪರವಾಗಿ “ನಮಗೆ ಎರಡು ವಾರ ವಿಶ್ರಾಂತಿ ಬೇಕು” ಅಂತ ಮೇಜು ಕುಟ್ಟಿ ಹೇಳೋರು ಯಾರೂ ಇಲ್ಲ. ಅಂಗಡಿಯೂ ಅವನದೇ, ತಕ್ಕಡಿಯೂ ಅವನದೇ, ತೂಕ ಕಡಿಮೆ ಬಂದರೆ ಬೈಗುಳ ಮಾತ್ರ ಕೂಲಿಯವನಿಗೆ :-)

ದಾರಿ ಇಲ್ಲ ಅಂತಲ್ಲ. ಫುಟ್‌ಬಾಲಿನಲ್ಲಿ ಒಂದು ದಾರಿ ಆಗಲೇ ಆಗಿದೆ, ಅದೂ ಕೋರ್ಟು ಮೆಟ್ಟಿಲು ಹತ್ತಿದ್ದರಿಂದ. 2004ರ ನವೆಂಬರಿನಲ್ಲಿ ಅಬ್ದೆಲ್‌ಮಜೀದ್ ಊಲ್ಮರ್ಸ್ ಅನ್ನೋ ಆಟಗಾರ ಮೊರಾಕ್ಕೊ ಪರ ಆಡುವಾಗ ಗಾಯಗೊಂಡು ತಿಂಗಳುಗಟ್ಟಲೆ ಕೂತರು. ಸಂಬಳ ಕೊಡ್ತಿದ್ದ ಬೆಲ್ಜಿಯಂನ ಷಾರ್ಲೆರ್ವಾ ಅನ್ನೋ ಸಣ್ಣ ಕ್ಲಬ್ಬು ಫಿಫಾ ಮೇಲೆ ಕೇಸು ಹಾಕಿತು. “ನೀವು ಕರೆದಿರಿ, ನೀವೇ ಕೊಡಿ” ಅನ್ನೋ ಅದೇ ಎತ್ತಿನ ನ್ಯಾಯ! ಯುರೋಪಿನ ದೊಡ್ಡ ಕ್ಲಬ್ಬುಗಳು ಬೆನ್ನಿಗೆ ನಿಂತವು, 2008ರಲ್ಲಿ ರಾಜಿ ಆಯ್ತು. 2012ರಿಂದ ಫಿಫಾದ್ದೇ ಯೋಜನೆ ಇದೆ. ದೇಶಕ್ಕೆ ಆಡುವಾಗ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಕೂತರೆ ಆಟಗಾರನ ಸಂಬಳವನ್ನ ಕ್ಲಬ್ಬಿಗೆ ಫಿಫಾ ತುಂಬಿಕೊಡುತ್ತೆ, ಒಬ್ಬರಿಗೆ 75 ಲಕ್ಷ ಯೂರೋ ತನಕ. ದೇಶಭಕ್ತಿ ಏನಾದರೂ ಕಡಿಮೆ ಆಯ್ತಾ? ಇಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಕರೆದವರು ವಿಮೆ ಮಾಡಿಸಲಿ, ಗಾಯ ಆದರೆ ಗುಣ ಆಗೋತನಕ ಸಂಬಳ, ಆಸ್ಪತ್ರೆ ಎರಡೂ ನೋಡಿಕೊಳ್ಳಲಿ. ಲೀಗಿನ ತಾರೀಕು ಹಾಕೋ ಮುಂಚೆ ದೇಶದ ಪಂದ್ಯಗಳ ತಾರೀಕು ಬೇರೆ ಎತ್ತಿಡಲಿ. ರೈಲ್ವೆ, ಬ್ಯಾಂಕುಗಳಲ್ಲಿರೋರಿಗೆ ದೇಶದ ಕ್ಯಾಂಪಿಗೆ ಹೋದ ದಿನಗಳಿಂದ ಬಡ್ತಿಗೆ ಒಂದು ದಿನವೂ ಕತ್ತರಿ ಬೀಳದಿರಲಿ. ದಣಿವಾಗಿದೆ, ಈ ಸಲ ಬೇಡ ಅಂತ ಆಟಗಾರ ಹೇಳಿದರೆ ಅದಕ್ಕೆ ಶಿಕ್ಷೆ ಇರದಿರಲಿ. ಇಷ್ಟೇ.

ಇದು ಕೋಟ್ಯಧೀಶರ ಗೋಳು, ನಮಗ್ಯಾಕೆ ಅನ್ನಬೇಡಿ. ವಿಜಯಪುರ ಸೈಕ್ಲಿಂಗಿಗೆ ಹೆಸರಾದ ಊರು. ಇಲ್ಲಿ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿದರೂ ಹುಡುಗರು ಕಾಯಲಿಲ್ಲ, ಲಾರಿಗಳ ನಡುವೆ ಹೆದ್ದಾರಿಯಲ್ಲೇ ತುಳಿದು ರಾಷ್ಟ್ರಮಟ್ಟಕ್ಕೆ ಹೋದರು. ಅಂಥ ಮಕ್ಕಳ ಅಪ್ಪಂದಿರು ಕೇಳೋದು ಒಂದೇ ಪ್ರಶ್ನೆ. “ಬಿದ್ದು ಕಾಲ ಮುರ್ಕೊಂಡ್ರ ಯಾರ್ ನೋಡ್ತಾರ್ರಿ? ನೌಕರಿ ಏನರ ಸಿಗತದೇನು?” ಆ ಅಪ್ಪನಿಗೆ ದೇಶದ ಮೇಲೆ ಪ್ರೀತಿ ಇಲ್ಲ ಅಂತ ಹೇಳ್ತೀರಾ? ಅವನ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮಗ ಸೈಕಲ್ ಬಿಡ್ತಾನೆ, ಮಗಳು ಬಾಲ್ ಬಿಡ್ತಾಳೆ. ಡರ್ಬಿಯಲ್ಲಿ 5 ವಿಕೆಟ್ ಕೀಳೋ ಇನ್ನೊಬ್ಬ ರಾಜೇಶ್ವರಿ ನಮಗೆ ಗೊತ್ತಾಗದಂಗೇ ಮನೆಯಲ್ಲಿ ಉಳಿದುಬಿಡ್ತಾಳೆ.

ನಮ್ಮ ಗೋಳಗುಮ್ಮಟದೊಳಗೆ ನಿಂತು ‘ದೇಶ’ ಅಂತ ಒಂದು ಸಲ ಕೂಗಿದರೆ ಹತ್ತಾರು ಸಲ ‘ದೇಶ, ದೇಶ’ ಅಂತ ವಾಪಸ್ ಕೇಳಿಸುತ್ತೆ. ಪ್ರತಿಧ್ವನಿಯಿಂದ ಯಾರ ಮನೆಯ ಒಲೆಯೂ ಉರಿಯಲ್ಲ. ಮುಂದಿನ ಸಲ ಯಾವನಾದರೂ ಆಟಗಾರ ದೇಶಕ್ಕೆ ಆಡಲ್ಲ ಅಂದಾಗ ಅವನನ್ನ ಬೈಯೋ ಮುಂಚೆ, ಅವನನ್ನ ಕರೆದವರು ಏನು ಕೊಡ್ತೀನಿ ಅಂದಿದ್ದರು ಅಂತ ಒಂದು ಸಲ ಕೇಳಿ ನೋಡಿ.

ನೀವೇನಂತೀರಿ?