ಉಮೇಶ್ ರೆಡ್ಡಿಯನ್ನು ಮುಂದಿಟ್ಟು ವಾದಿಸುವವರಿಗೆ

ಜೈಲಿನಿಂದ ಹೊರಬರುವವನು ಮತ್ತೆ ಅಪರಾಧಕ್ಕೆ ಇಳಿಯುವ ಅಪಾಯ ಎಷ್ಟೆಂದು ಮನಶ್ಶಾಸ್ತ್ರದ ಅಳತೆಯಲ್ಲಿ ಅಂದಾಜು ಮಾಡಬೇಕು, ಅಗತ್ಯವಿದ್ದವನಿಗೆ ಒಳಗಿದ್ದಾಗಲೇ ಚಿಕಿತ್ಸೆ ಕೊಡಬೇಕು ಎಂದರೆ ನಮ್ಮ ಮಾಕಳಿಯಲ್ಲಿ ತಿರುಗಿ ಬರುವ ಮಾತು ಒಂದೇ: 'ಉಮೇಶ್ ರೆಡ್ಡಿಗೂ ಕೌನ್ಸೆಲಿಂಗ್ ಕೊಡಿಸ್ತೀರಾ ಸ್ವಾಮಿ?' ತುಮಕೂರು ರಸ್ತೆಯ ಈ ಭಾಗದವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಅವನಿಗೆ ಗಲ್ಲು ಶಿಕ್ಷೆ ತಂದ ಅತ್ಯಾಚಾರ, ಕೊಲೆಯ ಪ್ರಕರಣ 1998ರ ಫೆಬ್ರವರಿಯಲ್ಲಿ ದಾಖಲಾಗಿದ್ದು ಇಲ್ಲೇ ಪಕ್ಕದ ಪೀಣ್ಯ ಠಾಣೆಯಲ್ಲಿ. ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ.

ಉಮೇಶ್ ರೆಡ್ಡಿ ಸಮವಸ್ತ್ರ ತೊಟ್ಟಿದ್ದವನು. ಮೊದಲು ಸಿಆರ್‌ಪಿಎಫ್, ಆಮೇಲೆ ಚಿತ್ರದುರ್ಗದ ಸಶಸ್ತ್ರ ಮೀಸಲು ಪಡೆ. ಪೊಲೀಸರ ವಶದಿಂದ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡ. ಅಪಾಯ ಅಂದಾಜು ಮಾಡುವ ಯಾವ ಪಟ್ಟಿಯನ್ನು ತೆಗೆದುಕೊಂಡರೂ ಅವನು ತುದಿಯ ಸಾಲಿನಲ್ಲೇ ಕೂರುತ್ತಾನೆ. ಹಿಂದಿನ ಕೃತ್ಯಗಳು, ಅವು ಶುರುವಾದ ವಯಸ್ಸು, ನಿಗಾ ಮುರಿದ ಇತಿಹಾಸ, ಇವೇ ಆ ಪಟ್ಟಿಗಳ ಮುಖ್ಯ ಅಂಶಗಳು. ಅಂದಾಜು ಮಾಡುವುದೆಂದರೆ ಮೆದುವಾಗುವುದು ಎಂದು ತಿಳಿದವರು ಇದನ್ನು ಗಮನಿಸಲಿ. ಇಂಥವನನ್ನು ಬೇಗ ಗುರುತಿಸಿ ಬಿಗಿಯಾಗಿ ಹಿಡಿದಿಡಲಿಕ್ಕೂ ಅದೇ ಅಳತೆ ಬೇಕು.

ಅಳತೆಯಿಲ್ಲದ ನಮ್ಮ ಕಠಿಣತೆ ಏನು ಸಾಧಿಸಿತು ನೋಡಿ. 2006ರಲ್ಲಿ ಗಲ್ಲು ವಿಧಿಸಿದ ಮೇಲೆ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹತ್ತು ವರ್ಷ ಒಂಟಿ ಕೋಣೆಯಲ್ಲಿಟ್ಟರು. 2011ರಲ್ಲಿ 'ಇವನು ಸುಧಾರಿಸುವವನಲ್ಲ' ಎಂದು ಗಲ್ಲನ್ನು ಎತ್ತಿಹಿಡಿದಿದ್ದ ಸುಪ್ರೀಂ ಕೋರ್ಟೇ, 2022ರ ನವೆಂಬರ್ 4ರಂದು ಆ ಒಂಟಿ ಸೆರೆ ಕಾನೂನುಬಾಹಿರ, ಅದು ಅವನ ಮೇಲೆ ಕೆಟ್ಟ ಪರಿಣಾಮ ಬೀರಿದೆ ಎಂದು ಹೇಳಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು; ಕನಿಷ್ಠ 30 ವರ್ಷ ಬಿಡುಗಡೆ ಇಲ್ಲ ಎಂಬ ಷರತ್ತು ಹಾಕಿತು. ಅವನ ಕುಣಿಕೆ ಸಡಿಲವಾಗಿದ್ದು ಮನಶ್ಶಾಸ್ತ್ರಜ್ಞರಿಂದಲ್ಲ, ಜೈಲಿನವರ ಒರಟುತನದಿಂದ.

'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುವವರಿಗೆ ಲೆಕ್ಕವೇ ಉತ್ತರ ಕೊಡುತ್ತದೆ. ಕೆನಡಾದ ಹ್ಯಾನ್ಸನ್ ಮತ್ತು ಬುಸಿಯೇರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಲೈಂಗಿಕ ಅಪರಾಧ ಎಸಗಿದವರಲ್ಲಿ ನಾಲ್ಕೈದು ವರ್ಷದೊಳಗೆ ಮತ್ತೆ ಅಂಥದೇ ಅಪರಾಧದಲ್ಲಿ ಸಿಕ್ಕಿಬಿದ್ದವರು ಶೇ 13.4. ಸಿಕ್ಕಿಬೀಳದವರೂ ಇರುತ್ತಾರೆ, ವರ್ಷ ಕಳೆದಂತೆ ಸಂಖ್ಯೆ ಏರುತ್ತದೆ, ಒಪ್ಪಿದೆ. ಆದರೂ ಎಲ್ಲರೂ ಒಂದೇ ಎನ್ನುವ ಮಾತು ನಿಲ್ಲುವುದಿಲ್ಲ. ಆ ಚಿಕ್ಕ ಗುಂಪು ಯಾವುದು ಎಂದು ಹುಡುಕುವುದೇ ಕೆಲಸ.

ಚಿಕಿತ್ಸೆಗೆ ಸುರಿಯುವ ದುಡ್ಡು ಹೊಳೆಗೆ ಸುರಿದಂತೆ ಎನ್ನುವವರ ವಾದವೇ ಎಲ್ಲಕ್ಕಿಂತ ಗಟ್ಟಿ. ಅದನ್ನು ಪಕ್ಕಕ್ಕೆ ತಳ್ಳಲಾರೆ. ಇಂಗ್ಲೆಂಡಿನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗೆ ವರ್ಷಗಟ್ಟಲೆ ಒಂದು ಗುಂಪು ಚಿಕಿತ್ಸೆ ನಡೆಸಿದರು. 2017ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯವೇ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ಚಿಕಿತ್ಸೆ ಪಡೆದವರಲ್ಲಿ ಶೇ 10 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಪಡೆಯದವರಲ್ಲಿ ಶೇ 8. ಒಳ್ಳೆಯದಾಗುವ ಬದಲು ತುಸು ಕೆಟ್ಟದ್ದೇ ಆಗಿತ್ತು. ಆ ಕಾರ್ಯಕ್ರಮವನ್ನು ಅವರು ಕೈಬಿಟ್ಟರು.

ಇದರಿಂದ 'ಚಿಕಿತ್ಸೆಯೇ ಬೇಡ' ಎಂಬ ತೀರ್ಮಾನಕ್ಕೆ ಬರುವವರು ಅಮೆರಿಕದ ರಾಬರ್ಟ್ ಮಾರ್ಟಿನ್‌ಸನ್ ಕಥೆ ನೆನಪಿಡಬೇಕು. ಸುಧಾರಣಾ ಕಾರ್ಯಕ್ರಮಗಳಿಂದ ಹೆಚ್ಚೇನೂ ಆಗುವುದಿಲ್ಲ ಎಂದು 1974ರಲ್ಲಿ ಬರೆದು ಹೆಸರಾದವರು ಅವರು. ಐದೇ ವರ್ಷದಲ್ಲಿ, 1979ರಲ್ಲಿ, ಕೆಲವು ಕಾರ್ಯಕ್ರಮಗಳು ಫಲ ಕೊಡುತ್ತವೆಂದು ತಾವೇ ತಿದ್ದಿಕೊಂಡರು. ಜಗತ್ತು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿತು. ಮುಂದೆ ಕೆನಡಾದ ಆಂಡ್ರ್ಯೂಸ್, ಬೊಂಟಾ ಮೊದಲಾದವರು 1990ರಲ್ಲಿ ಮುಂದಿಟ್ಟ ಸೂತ್ರ ಸರಳ: ಅಪಾಯ ಹೆಚ್ಚಿದ್ದವನಿಗೆ ಹೆಚ್ಚು ಚಿಕಿತ್ಸೆ, ಕಡಿಮೆ ಇದ್ದವನ ತಂಟೆಗೆ ಹೋಗಬೇಡಿ. ಮೊದಲ ಸಲ ಜಗಳದಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಪಳಗಿದವರ ಜತೆ ಒಂದೇ ಬ್ಯಾರಕ್ಕಿನಲ್ಲಿ ಕೂರಿಸಿದರೆ ಅವನು ಕಲಿಯುವುದು ಏನೆಂದು ಪರಪ್ಪನ ಅಗ್ರಹಾರ ನೋಡಿ ಬಂದ ಯಾರನ್ನು ಬೇಕಾದರೂ ಕೇಳಿ.

ಅಗ್ರಹಾರದ ಮಾತು ಬಂತಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಈ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದರು. ಶೇ 79.6 ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮದ್ಯ, ಮಾದಕ ವಸ್ತು, ತಂಬಾಕಿನ ಚಟ. ಚಟವನ್ನು ಬಿಟ್ಟು ಎಣಿಸಿದರೂ ಶೇ 27.6 ಮಂದಿಗೆ ಕಾಯಿಲೆ ಇತ್ತು. ಹೊರಬಂದ ದಿನವೇ ಬಾರಿಗೆ ಹೋಗುವವನಿಗೆ ಒಳಗೇ ಕುಡಿತ ಬಿಡಿಸುವುದು ಸೋಫಾ ಮೇಲೆ ಮಲಗಿಸಿ ಬಾಲ್ಯ ಕೇಳುವ ವೈಭೋಗವಲ್ಲ. ಮಾನಸಿಕ ಆರೋಗ್ಯ ಕಾಯ್ದೆ, 2017, ಪ್ರತಿ ರಾಜ್ಯದ ಒಂದಾದರೂ ಜೈಲಿನಲ್ಲಿ ಮಾನಸಿಕ ಆರೋಗ್ಯ ಘಟಕ ಇರಲೇಬೇಕು ಎನ್ನುತ್ತದೆ. ನಾನು ಕೇಳುತ್ತಿರುವುದು ಅದಕ್ಕಿಂತ ತುಸು ಹೆಚ್ಚು, ಅಷ್ಟೇ.

'ಯಾರು ಹೇಗೆ ಅಂತ ಠಾಣೆಯವರಿಗೆ ಗೊತ್ತು, ಪರೀಕ್ಷೆ ಯಾಕೆ?' ಗೊತ್ತಿರುವುದು ಹೇಗೆ? ರೌಡಿ ಪಟ್ಟಿಯಿಂದ. ಪೊಲೀಸ್ ಕೈಪಿಡಿಯ 1059ನೇ ಆದೇಶದಡಿ ತೆರೆಯುವ ಈ ಪಟ್ಟಿಯೂ ಅಪಾಯದ ಅಂದಾಜೇ, ಆದರೆ ಅದು ಎಷ್ಟು ಸಲ ನಿಜವಾಯಿತು ಎಂದು ಲೆಕ್ಕ ಇಡುವ ವ್ಯವಸ್ಥೆ ಅದರಲ್ಲಿಲ್ಲ. ಗಣೇಶನ ಹಬ್ಬ, ಚುನಾವಣೆ ಬಂದರೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅಧಿಕಾರಿ ಒಬ್ಬೊಬ್ಬರ ಮುಂದೆ ನಿಂತು ಗಡ್ಡ, ಕೂದಲು, ಕೊರಳ ಸರ, ಕೈಯ ಹಚ್ಚೆ ನೋಡಿ ಗದರುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೊ. ಆ ಸಾಲಿನಲ್ಲಿ ಹದಿನೈದು ವರ್ಷದ ಹಿಂದೆ ಕಾಲೇಜು ಗಲಾಟೆಗೆ ಹೆಸರು ಸೇರಿದವನೂ ಇರಬಹುದು, ನಿನ್ನೆ ಮಚ್ಚು ಬೀಸಿದವನೂ ಇರಬಹುದು. ಹಳಬನಿಗೆ ಇಲ್ಲಿನ ಶೆಡ್ಡುಗಳಲ್ಲಿ ಕೆಲಸ ಸಿಗದು. ಲೇಬರ್ ಕಾಂಟ್ರಾಕ್ಟರ್ ಪೊಲೀಸ್ ವೆರಿಫಿಕೇಷನ್ ಕಾಗದ ಕೇಳುತ್ತಾನೆ. ಕೆಲಸವಿಲ್ಲದಿರುವುದು ಮರುಅಪರಾಧದ ಅಪಾಯ ಹೆಚ್ಚಿಸುತ್ತದೆಂದು ಸಂಶೋಧನೆಗಳು ಹೇಳುತ್ತಲೇ ಬಂದಿವೆ. ಅಪಾಯ ಗುರುತಿಸುವ ಪಟ್ಟಿಯೇ ಅಪಾಯ ಬೆಳೆಸುತ್ತಿದೆ.

ಎದುರು ಬದಿಯಿಂದ, ಮಾನವ ಹಕ್ಕಿನ ಗೆಳೆಯರಿಂದಲೂ ಆಕ್ಷೇಪ ಬರುತ್ತದೆ: 'ಹೊರದೇಶದ ಪ್ರಶ್ನಾವಳಿ ತಂದರೆ ಕೊನೆಗೆ ಜಾತಿ, ಕೇರಿ ನೋಡಿಯೇ ಅಂಕ ಬೀಳುತ್ತದೆ.' ಈ ಭಯ ನನಗೂ ಇದೆ. ಅಮೆರಿಕದ ಕಾಂಪಾಸ್ ತಂತ್ರಾಂಶ ಕಪ್ಪು ಜನರನ್ನು ತಪ್ಪಾಗಿ ಅಪಾಯಕಾರಿ ಎಂದದ್ದೇ ಹೆಚ್ಚು ಎಂದು 2016ರಲ್ಲಿ ಪ್ರೊಪಬ್ಲಿಕಾ ತೋರಿಸಿತು. 2012ರಲ್ಲಿ ಸೀನಾ ಫಜೆಲ್ ತಂಡ ಸುಮಾರು 25 ಸಾವಿರ ಜನರ ದತ್ತಾಂಶ ನೋಡಿದಾಗ, ಹಿಂಸೆಯ ಅಪಾಯ ಇದೆ ಎಂದು ಅಳತೆ ಹೇಳಿದವರಲ್ಲಿ ನಿಜಕ್ಕೂ ಹಿಂಸೆಗೆ ಇಳಿದವರು ಶೇ 41 ಮಾತ್ರ. ಅಪಾಯ ಕಡಿಮೆ ಎಂದವರಲ್ಲಿ ಶೇ 91 ಮಂದಿ ಶಾಂತವಾಗೇ ಇದ್ದರು. ಅಂದರೆ ಈ ಅಳತೆ ಬಿಡಬಹುದಾದವರನ್ನು ಗುರುತಿಸಲು ಚೆನ್ನಾಗಿದೆ, ಅದೊಂದನ್ನೇ ನೋಡಿ ಯಾರನ್ನೂ ಕೂಡಿಹಾಕುವಷ್ಟು ಅಲ್ಲ. ಅಂಕವನ್ನು ಆರೋಪಿಗೂ ವಕೀಲರಿಗೂ ತೋರಿಸಬೇಕು, ಪ್ರಶ್ನಿಸಲು ಬಿಡಬೇಕು, ನಮ್ಮ ಬಂದಿಗಳ ಮೇಲೆಯೇ ಪರೀಕ್ಷಿಸಿ ನೋಡಬೇಕು. ನಾರ್ಕೊ ಪರೀಕ್ಷೆಯ ಹೆಸರೆತ್ತಿ ಹೆದರಿಸುವವರಿಗೆ ಒಂದೇ ಮಾತು: ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಎಂದು ನಮ್ಮದೇ ರಾಜ್ಯದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಾನು ಕೇಳುತ್ತಿರುವುದು ಅದಲ್ಲ.

ಸಂತ್ರಸ್ತರನ್ನು ಮರೆತಿರಿ ಎಂಬ ಆರೋಪ ಉಳಿಯಿತು. ಮುಂದಿನ ಸಂತ್ರಸ್ತೆ ಇರಬಾರದು ಎಂಬುದಕ್ಕೇ ಇದೆಲ್ಲ.

2022ರ ಮೇ ತಿಂಗಳ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಲ್ಲು ವಿಧಿಸುವ ಮೊದಲು ಅಪರಾಧಿಯ ಮನೋವೈದ್ಯಕೀಯ ಮೌಲ್ಯಮಾಪನ ಮತ್ತು ಜೈಲಿನ ನಡತೆಯ ವರದಿ ತರಿಸಬೇಕೆಂದು ಹೇಳಿತು. ಪ್ರಾಣ ತೆಗೆಯುವ ಮುನ್ನ ಬೇಕೆನಿಸಿದ ವರದಿ, ಸನ್ನಡತೆಯ ಮೇಲೆ ಬಿಡುವ ಮುನ್ನವೂ ರೌಡಿ ಪಟ್ಟಿಗೆ ಹೆಸರು ಸೇರಿಸುವ ಮುನ್ನವೂ ಬೇಕು. ಗೃಹ ಇಲಾಖೆ ಇದನ್ನು ಮೊದಲು ಪರಪ್ಪನ ಅಗ್ರಹಾರದಲ್ಲೇ ಶುರು ಮಾಡಲಿ, ವರ್ಷಕ್ಕೊಮ್ಮೆ ಫಲಿತಾಂಶ ಪ್ರಕಟಿಸಲಿ. ಅಂಕಿ ಕೆಟ್ಟದಾಗಿ ಬಂದರೆ ಇಂಗ್ಲೆಂಡಿನವರಂತೆ ನಿಲ್ಲಿಸಲಿ.